ಮಳೆಗಾಲದಲ್ಲಿ ಹೋದ ಮರಳು ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಡಲ ದಂಡೆಯ ಊರು. ಹೊಳೆ ಕಡಲು ಸೇರುವ ಅಳಿವೆ ನಮ್ಮಲ್ಲಿಂದ ಬಡಗಣಕ್ಕೆ ಒಂದೂವರೆ ಕಿಲೋಮೀಟರ್. ಪ್ರತಿ ಜೂನ್, ಜುಲೈಯಲ್ಲಿ ಮನೆ ಎದುರಿನ ಮರಳೆಲ್ಲ ಹೋಗಿ ಆಳೆತ್ತರದ ಕೊರಕಲು ಬೀಳುತ್ತದೆ. ಜನವರಿ ಹೊತ್ತಿಗೆ ಬಹುಪಾಲು ವಾಪಸು ಬರುತ್ತದೆ, ಆದರೆ ಪೂರ್ತಿ ಅಲ್ಲ. ಹತ್ತು ವರ್ಷದಲ್ಲಿ ಎರಡು ಸಾಲು ತೆಂಗು ಹೋಗಿವೆ. ಬಡಗಣ ಮಗ್ಗುಲಿನ ಜಾಗಕ್ಕೆ ಎರಡು ವರ್ಷದ ಹಿಂದೆ ಕಲ್ಲು ಹಾಕಿದರು; ಈಗ ಅದರಲ್ಲಿ ಅರ್ಧ ಹೂತುಹೋಗಿದೆ, ನಮ್ಮ ಕಡೆ ಕೊರೆತ ಜಾಸ್ತಿಯಾಗಿದೆ. ನಾವೂ ತಡೆಗೋಡೆ ಕೇಳಬೇಕೆ? ಹೊಳೆಯಲ್ಲಿ ಹೊಯ್ಗೆ (ಮರಳು) ತೆಗೆಯುವುದಕ್ಕೂ ಇದಕ್ಕೂ ಸಂಬಂಧ ಇದೆಯೇ? ಸಮುದ್ರವೇ ಏರುತ್ತಿದೆ ಎನ್ನುತ್ತಾರಲ್ಲ, ಕಾರಣ ಅದೇನಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ವರ್ಷವರ್ಷವೂ ಹೋಗಿ ಬರುವ ಮರಳು ಒಂದು, ಹೋದದ್ದರಲ್ಲಿ ವಾಪಸು ಬಾರದ ಪಾಲು ಇನ್ನೊಂದು. ಮೊದಲನೆಯದು ಕಡಲಿನ ವಾರ್ಷಿಕ ವ್ಯವಹಾರ, ಅದಕ್ಕೆ ಚಿಕಿತ್ಸೆ ಬೇಡ, ಮಾಡಲು ಹೋದರೆ ಕೆಡುತ್ತದೆ. ತೆಂಗಿನ ಸಾಲು ನುಂಗಿದ್ದು ಎರಡನೆಯದು. ಗೋಡೆ ಬೇಕೋ ಬೇಡವೋ ಎಂಬುದನ್ನು ಆ ಎರಡನೆಯದರ ಮೊತ್ತ ಎಷ್ಟೆಂದು ಗೊತ್ತಾದ ಮೇಲೆ ನಿರ್ಧರಿಸಬೇಕು. ಆಟಿ ಅಮಾವಾಸ್ಯೆಯ (ಜುಲೈ, ಆಗಸ್ಟ್) ಹೊತ್ತಿಗೆ ದಂಡೆ ನೋಡಿ ನಿರ್ಧರಿಸಿದವರು ಯಾವಾಗಲೂ ಗೋಡೆಯನ್ನೇ ಕೇಳುತ್ತಾರೆ, ಏಕೆಂದರೆ ವರ್ಷದಲ್ಲಿ ದಂಡೆ ಅತಿ ಕೆಳಗಿರುವುದು ಆಗಲೇ.

ಮಳೆಗಾಲದ ಮರಳು ದೂರ ಹೋಗುವುದಿಲ್ಲ. ತೆರೆ ದಡದ ಕಡೆ ಬರುತ್ತ ನೀರಿನ ಆಳ ಕಡಿಮೆಯಾದಂತೆ ಎದ್ದು ನಿಲ್ಲುತ್ತದೆ. ಅದರ ಎತ್ತರ ಅಲ್ಲಿನ ಆಳದ ಮುಕ್ಕಾಲು ಪಾಲನ್ನು ಸ್ವಲ್ಪ ದಾಟಿತೆಂದರೆ ಮುರಿದು ಬೀಳುತ್ತದೆ. ತೆರೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಹಾಗಾಗಿ ಜನವರಿಯ ಒಂದು ಮೀಟರ್ ತೆರೆಗಿಂತ ಜುಲೈಯ ಮೂರು ಮೀಟರ್ ತೆರೆಗೆ ಒಂಬತ್ತು ಪಟ್ಟು ಕಸುವು. ಮಳೆಗಾಲದಲ್ಲಿ ಒಂದರ ಬೆನ್ನಿಗೆ ಒಂದು ಬರುವ ಕಡಿದಾದ ತೆರೆಗಳು ದಡಕ್ಕೆ ನೀರು ತುಂಬುತ್ತವೆ. ಆ ನೀರು ತಳದಲ್ಲಿ ವಾಪಸು ಹರಿಯುವಾಗ ಮರಳನ್ನೂ ಎಳೆದುಕೊಂಡು ಹೋಗಿ, ತೆರೆ ಮುರಿಯುವ ಜಾಗದಲ್ಲಿ, ದಡದಿಂದ ನೂರು ಇನ್ನೂರು ಮೀಟರ್ ಆಚೆ, ದಿಬ್ಬವಾಗಿ ಬಿಟ್ಟುಬಿಡುತ್ತದೆ. ಮನೆ ಎದುರು ನಿಂತು ನೋಡಿದರೆ ಜುಲೈಯಲ್ಲಿ ಆಚೆ ಒಂದು ಬಿಳಿ ನೊರೆ ಗೆರೆ, ಈಚೆ ದಡದ ಬುಡದಲ್ಲಿ ಇನ್ನೊಂದು ಕಾಣುತ್ತದಲ್ಲ? ಆಚೆಯ ಗೆರೆಯ ಕೆಳಗಿರುವುದು ನಿಮ್ಮ ಮನೆ ಎದುರಿನ ಮರಳೇ. ದೊಡ್ಡ ತೆರೆಗಳು ಅದರ ಮೇಲೆ ಮುರಿದು ಅರ್ಧ ಶಕ್ತಿ ಕಳೆದುಕೊಂಡು ನಿಮ್ಮ ಕಡೆ ಬರುತ್ತವೆ. ದಂಡೆ ತನ್ನ ಮರಳನ್ನು ಮುಂದೆ ಚೆಲ್ಲಿ ತಾನೇ ಒಂದು ತಡೆ ಕಟ್ಟಿಕೊಂಡಂತೆ.

ನೂಲ ಹುಣ್ಣಿಮೆಯ ಸಮುದ್ರಪೂಜೆ ಕಳೆದು, ಸೆಪ್ಟೆಂಬರ್ ದಾಟಿದ ಮೇಲೆ ತೆರೆಯ ಸ್ವಭಾವವೇ ಬೇರೆ. ದೂರದ ತೆಂಕಣ ಸಾಗರದಿಂದ ಬರುವ ಉದ್ದನೆಯ, ತಗ್ಗಾದ ತೆರೆಗಳವು. ಮುಂದಕ್ಕೆ ಬರುವಾಗ ತಳದ ನೀರು ಚುರುಕಾಗಿ ನೂಕುತ್ತದೆ, ಹಿಂದಕ್ಕೆ ಹೋಗುವಾಗ ನಿಧಾನ. ಮೇಲೆ ಹತ್ತಿದ ನೀರಿನಲ್ಲಿ ಸ್ವಲ್ಪ ಮರಳಿನೊಳಗೇ ಇಂಗಿಹೋಗುತ್ತದೆ. ದಿಬ್ಬದ ಮರಳು ಇಂಚಿಂಚಾಗಿ ಮೇಲೇರಿ ಬರುತ್ತದೆ. ಎರಡು ವಾರದಲ್ಲಿ ಹೋದದ್ದು ಬರಲು ನಾಲ್ಕೈದು ತಿಂಗಳು ಬೇಕು. ಇದರ ನಡುವೆ ತೂಫಾನು ಬಂದರೆ ಲೆಕ್ಕ ತಪ್ಪುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಬಂದಾಗ ಆದದ್ದು ಅದೇ: ವರ್ಷವಿಡೀ ಕೂಡಿಟ್ಟ ಮರಳನ್ನು ಅದು ಮಳೆಗಾಲಕ್ಕೆ ಮೊದಲೇ ಎಳೆದುಕೊಂಡಿತು, ಜೂನ್ ತೆರೆಗಳು ಬರಿದಾದ ದಂಡೆಯ ಮೇಲೇ ಬಿದ್ದವು.

ಪ್ರಮಾಣ ಎಷ್ಟೆಂಬ ಅಂದಾಜಿಗೆ: 40 ಮೀಟರ್ ಅಗಲದ ದಂಡೆ ಸರಾಸರಿ ಒಂದೂವರೆ ಮೀಟರ್ ತಗ್ಗಿದರೆ ಉದ್ದದ ಪ್ರತಿ ಮೀಟರಿಗೆ 60 ಘನ ಮೀಟರ್ ಮರಳು ಜಾಗ ಬದಲಿಸಿತು ಎಂದಾಯಿತು. 500 ಮೀಟರ್ ಉದ್ದಕ್ಕೆ 30,000 ಘನ ಮೀಟರ್. ಎರಡು ಯುನಿಟ್‌ನ ಟಿಪ್ಪರ್ ಲೋಡಿಗೆ 200 ಘನ ಅಡಿ, ಎಂದರೆ ಸುಮಾರು 5.7 ಘನ ಮೀಟರ್. ಐದು ಸಾವಿರ ಲೋಡಿಗೂ ಮೇಲಾಯಿತು. ಕಡಲು ಇದನ್ನು ಪ್ರತಿ ವರ್ಷ ತೆಗೆದು ಇಡುತ್ತದೆ. ಇದರಲ್ಲಿ ನೂರಕ್ಕೆ ಐದು ಪಾಲು ವಾಪಸು ಬಾರದಿದ್ದರೂ ಹತ್ತು ವರ್ಷದಲ್ಲಿ ಎರಡು ಸಾಲು ತೆಂಗು ಹೋಗಲು ಸಾಕು.

ಹಾಗಾದರೆ ಆ ಐದು ಪಾಲು ಎಲ್ಲಿಗೆ? ಬಹುತೇಕ ದಡದುದ್ದಕ್ಕೆ, ಅಡ್ಡಡ್ಡ. ನಮ್ಮ ಕರಾವಳಿ ಸರಿಯಾಗಿ ತೆಂಕು ಬಡಗಾಗಿಲ್ಲ, ಸ್ವಲ್ಪ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿದೆ. ಅದರ ಮುಖ ಪಡುವಣದಿಂದ ತುಸು ನೈಋತ್ಯಕ್ಕೆ. ಮಳೆಗಾಲದಲ್ಲಿ ತೆರೆ ಹೆಚ್ಚಾಗಿ ಪಡುವಣದಿಂದ ಬರುವುದರಿಂದ ದಡಕ್ಕೆ ಓರೆಯಾಗಿ ಬಡಿದು ಮರಳನ್ನು ತೆಂಕಣಕ್ಕೆ ನೂಕುತ್ತದೆ. ಅಕ್ಟೋಬರ್ ನಂತರದ ನೈಋತ್ಯದ ತೆರೆಗಳು ಬಡಗಣಕ್ಕೆ ನೂಕುತ್ತವೆ. ಬೇಸಿಗೆಯ ಮಧ್ಯಾಹ್ನದ ವಾಯವ್ಯ ಗಾಳಿ ಮತ್ತೆ ಸ್ವಲ್ಪ ತೆಂಕಣಕ್ಕೆ. ವರ್ಷದ ಕೊನೆಗೆ ಉಳಿಯುವುದು ದೊಡ್ಡ ಎರಡು ಮೊತ್ತಗಳ ನಡುವಿನ ಸಣ್ಣ ವ್ಯತ್ಯಾಸ. ಅದಕ್ಕೇ ನಮ್ಮಲ್ಲಿ ಪಕ್ಕಪಕ್ಕದ ಎರಡು ಊರುಗಳಲ್ಲಿ ಒಂದು ಬೆಳೆಯುತ್ತದೆ, ಇನ್ನೊಂದು ಕೊರೆಯುತ್ತದೆ. ದೇಶದ ಕರಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದೆ. ಕರ್ನಾಟಕದ ಪಾಲು ನಾಲ್ಕನೇ ಒಂದರ ಆಸುಪಾಸು.

ಈ ಅಡ್ಡ ಸಾಗಾಟದ ದಾರಿಯಲ್ಲಿ ಏನಾದರೂ ಕಟ್ಟಿದರೆ ಒಂದು ಮಗ್ಗುಲು ತುಂಬುತ್ತದೆ, ಇನ್ನೊಂದು ಬರಿದಾಗುತ್ತದೆ. ಮದ್ರಾಸಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬಂದರು ಕಟ್ಟಿದ ಮೇಲೆ ತೆಂಕಣ ಬದಿಯಲ್ಲಿ ಮರೀನಾ ಹರಡಿಕೊಂಡಿತು, ಬಡಗಣದ ರಾಯಪುರಂ ಕೊರೆಯಿತು. ನಮ್ಮಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಗೆ 1990ರ ದಶಕದಲ್ಲಿ ತೆರೆ ತಡೆಯುವ ಕಲ್ಲಿನ ಒಡ್ಡು, ಅಂದರೆ ಬ್ರೇಕ್‌ವಾಟರ್ ಕಟ್ಟಿದ ನಂತರ ಬೆಂಗ್ರೆ ಬದಿಯಲ್ಲಿ ಮರಳು ನಿಂತಿತು, ಉಳ್ಳಾಲದ ಬದಿ ವರ್ಷವರ್ಷ ಸುದ್ದಿಯಾಯಿತು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ರೀಫ್ (ತೆರೆ ಮುರಿಯುವ ನೀರಡಿಯ ದಿಬ್ಬ) ಹಾಕಬೇಕಾಯಿತು. ದೋಣಿಗಳಿಗೆ ಬ್ರೇಕ್‌ವಾಟರ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಡೆದ ಮರಳನ್ನು ಆಚೆ ಬದಿಗೆ ದಾಟಿಸುವ ಖರ್ಚನ್ನು ಮೊದಲ ದಿನದಿಂದಲೇ ಯೋಜನೆಯಲ್ಲಿ ಸೇರಿಸದಿದ್ದದ್ದು ತಪ್ಪು.

ಇನ್ನು ಹೊಳೆ. ದಂಡೆಗೆ ಹೊಸ ಮರಳು ತರುವುದು ಹೊಳೆಯೇ. ಘಟ್ಟದಿಂದ ಕಡಲಿಗೆ ನೂರು ಕಿಲೋಮೀಟರಿನೊಳಗೆ ಇಳಿಯುವ ಹೊಳೆಗಳಿವು, ಮಳೆಗಾಲದಲ್ಲಿ ವೇಗಕ್ಕೆ ಕೊರತೆಯಿಲ್ಲ. ಹರಿವಿನ ವೇಗ ಇಮ್ಮಡಿಯಾದರೆ ತಳದಲ್ಲಿ ಉರುಳಿ, ಕುಪ್ಪಳಿಸಿ ಸಾಗುವ ಮರಳು ಎಂಟು ಪಟ್ಟಿಗೂ ಮೇಲೆ ಹೆಚ್ಚುತ್ತದೆ. ಅದರಿಂದಲೇ ವರ್ಷದ ಮರಳಿನಲ್ಲಿ ದೊಡ್ಡ ಪಾಲು ನೆರೆ ಬಂದ ಕೆಲವೇ ದಿನಗಳಲ್ಲಿ ಬರುತ್ತದೆ. ಉಳಿದ ದಿನಗಳಲ್ಲಿ ಹೊಳೆ ಕೆಂಪಾಗಿ ಕಂಡರೂ ಅದು ಮಣ್ಣಿನ ಬಣ್ಣ, ಮರಳಲ್ಲ.

ಈ ಎರಡರ ವ್ಯತ್ಯಾಸ ಮನೆಯಲ್ಲೇ ನೋಡಬಹುದು. ಜುಲೈಯ ಹೊಳೆ ನೀರನ್ನು ಎರಡು ಬಾಟಲಿಗೆ ತುಂಬಿ, ಎರಡಕ್ಕೂ ಒಂದು ಹಿಡಿ ತಳದ ಹೊಯ್ಗೆ ಹಾಕಿ ಕುಲುಕಿ ಇಡಿ. ಹೊಯ್ಗೆ ಕಣ್ಣೆದುರೇ ಕೂರುತ್ತದೆ, 0.2 ಮಿಲಿಮೀಟರಿನ ಕಣ ಒಂದು ಮೀಟರ್ ಇಳಿಯಲು ಮುಕ್ಕಾಲು ನಿಮಿಷವೂ ಬೇಡ. 0.02 ಮಿಲಿಮೀಟರಿನ ನುಣುಪು ರೇವೆಗೆ ಅಷ್ಟೇ ದೂರಕ್ಕೆ ಮುಕ್ಕಾಲು ಗಂಟೆ. ಅದರ ಹತ್ತನೇ ಒಂದರಷ್ಟಿರುವ ಜೇಡಿ ಕಣಕ್ಕೆ ಮೂರು ದಿನ. ಈಗ ಒಂದು ಬಾಟಲಿಗೆ ಎರಡು ಚಮಚ ಉಪ್ಪು ಹಾಕಿ ಮತ್ತೆ ಕುಲುಕಿ. ಮರುದಿನ ನೋಡಿದರೆ ಉಪ್ಪಿನ ಬಾಟಲಿ ಬೇಗ ತಿಳಿಯಾಗಿರುತ್ತದೆ, ಸಪ್ಪೆಯದು ಕದಡಾಗಿಯೇ ಇರುತ್ತದೆ. ಉಪ್ಪುನೀರಿನಲ್ಲಿ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಗಂಟು ಬೇಗ ಮುಳುಗುತ್ತದೆ. ಕಡಲ ನೀರು ಒಳನುಗ್ಗುವ ಹಿನ್ನೀರಿನಲ್ಲಿ, ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಅಂಚಿನಲ್ಲಿ ಕೆಸರು ಕಟ್ಟುವುದಕ್ಕೂ ನಿಮ್ಮ ದಂಡೆಯಲ್ಲಿ ಶುದ್ಧ ಹೊಯ್ಗೆಯೇ ಇರುವುದಕ್ಕೂ ಇದು ಕಾರಣ. ದಂಡೆಯಲ್ಲಿ ತೆರೆ ದಿನವಿಡೀ ಜರಡಿ ಹಿಡಿದಂತೆ. ನುಣುಪಾದುದೆಲ್ಲ ಆಳಕ್ಕೆ ಹೋಗಿಬಿಡುತ್ತದೆ.

ಉಡುಪಿ ಜಿಲ್ಲೆಯ ಹೊಳೆಗಳಲ್ಲಿರುವವು ಬಹುತೇಕ ಕಿಂಡಿ ಅಣೆಕಟ್ಟುಗಳು. ಮಳೆಗಾಲದಲ್ಲಿ ಹಲಗೆ ತೆಗೆದಿರುವುದರಿಂದ ಮರಳು ಸಾಕಷ್ಟು ದಾಟುತ್ತದೆ. ಶರಾವತಿಯಲ್ಲಿ ಹಾಗಲ್ಲ, ಲಿಂಗನಮಕ್ಕಿಯ ಮೇಲಿನ ಹೊಯ್ಗೆ ಹೊನ್ನಾವರಕ್ಕೆ ಬರುವುದೇ ಇಲ್ಲ. ಅದರ ನೆರೆಯ ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ನಿಮ್ಮ ಕಡೆ ಹೊಳೆಯ ಕೊಡುಗೆಗೆ ಕತ್ತರಿ ಬೀಳುವುದು ಅಣೆಕಟ್ಟಿಗಿಂತ ಹೆಚ್ಚಾಗಿ ಹೊಯ್ಗೆ ತೆಗೆಯುವ ದೋಣಿಯಿಂದ. ಲೆಕ್ಕ ಹೀಗಿಟ್ಟುಕೊಳ್ಳಿ: ಒಂದು ಅಳಿವೆಯಿಂದ ದಿನಕ್ಕೆ 50 ಲೋಡು, ವರ್ಷಕ್ಕೆ 150 ದಿನ ತೆಗೆದರೆ 42,000 ಘನ ಮೀಟರ್ ದಾಟಿತು. ಮೇಲೆ ಹೇಳಿದ 60ರ ಲೆಕ್ಕದಲ್ಲಿ 700 ಮೀಟರ್ ದಂಡೆಯ ಪೂರ್ತಿ ಮರಳು. ಸಾಗಾಟ ಎಷ್ಟು ನಡೆಯುತ್ತಿದೆ ಎಂದು ನಿಮ್ಮೂರಿನವರಿಗೇ ಗೊತ್ತು, ಸಂಖ್ಯೆ ಹಾಕಿ ಗುಣಿಸಿಕೊಳ್ಳಿ.

ಎಲ್ಲಿಂದ ತೆಗೆಯುತ್ತಾರೆ ಎನ್ನುವುದೂ ಮುಖ್ಯ. ಅಳಿವೆಯಲ್ಲಿ ಎರಡು ದಿಬ್ಬಗಳಿರುತ್ತವೆ. ಒಳಗಿನದು ಉಬ್ಬರದ ನೀರು ಒಳತಂದು ಹಾಕಿದ್ದು. ಹೊರಗಿನದು ಇಳಿತದ ನೀರೂ ನೆರೆಯೂ ಹೊರನೂಕಿ, ಕಡಲಿನ ತೆರೆ ತಡೆದು ನಿಲ್ಲಿಸಿದ್ದು, ಬಿಲ್ಲಿನಂತೆ ಬಾಗಿರುತ್ತದೆ. ಮೀನುಗಾರರು ಹೆದರುವುದು ಈ ಹೊರಗಿನದಕ್ಕೆ: ಮೂರು ಮೀಟರ್ ಆಳವಿದ್ದಲ್ಲಿ 2.3 ಮೀಟರ್ ತೆರೆ ಮುರಿಯುತ್ತದೆ, ಒಳಬರುವ ದೋಣಿಯ ಬೆನ್ನಿಗೇ ಬೀಳುತ್ತದೆ. ಆದರೆ ಬಡಗಣ ದಂಡೆಯ ಮರಳು ಅಳಿವೆಯನ್ನು ದಾಟಿ ತೆಂಕಣಕ್ಕೆ ಬರಲು ಸೇತುವೆಯೂ ಅದೇ. ಅದನ್ನು ಅಗೆದರೆ ಗುಂಡಿ ತುಂಬುವವರೆಗೆ ನಿಮ್ಮ ಕಡೆಗೆ ಮರಳು ಬರುವುದಿಲ್ಲ. ದೋಣಿ ಓಡಾಟಕ್ಕೆ ಅಡ್ಡಿಯಾದ ಒಳದಿಬ್ಬವನ್ನು ಮಿತವಾಗಿ, ಬುಟ್ಟಿಯಲ್ಲಿ ತೆಗೆಯುವುದಕ್ಕೂ ಹೊರದಿಬ್ಬಕ್ಕೆ ಯಂತ್ರ ಇಳಿಸುವುದಕ್ಕೂ ಹೋಲಿಕೆಯೇ ಇಲ್ಲ.

ಈಗ ನಿಮ್ಮ ದಂಡೆಯ ಲೆಕ್ಕ ತೆಗೆಯುವ ಕೆಲಸ. ಎರಡು ಕೋಲು, ಒಂದು ಹಗ್ಗ, ಒಂದು ನೋಟ್‌ಬುಕ್ ಸಾಕು. ಒಂದೂವರೆ ಮೀಟರಿನ ಎರಡು ನೆಟ್ಟನೆಯ ಕೋಲುಗಳಿಗೆ ತುದಿಯಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು ಹಾಕಿ. ನಡುವೆ ಎರಡು ಮೀಟರ್ ಹಗ್ಗ ಕಟ್ಟಿ. ಬಾವಿಕಟ್ಟೆಯಂಥ ಕದಲದ ಗುರುತಿನಿಂದ ಶುರುಮಾಡಿ ನೇರ ಕಡಲಿನ ಕಡೆ ಹೋಗಿ. ಹಿಂದಿನ ಕೋಲಿನ ಹತ್ತಿರ ನಿಂತವರು ಮುಂದಿನ ಕೋಲಿನ ತುದಿಯನ್ನೂ ಬಾನಂಚಿನ ಗೆರೆಯನ್ನೂ ಒಂದೇ ನೇರದಲ್ಲಿ ಹಿಡಿದು ನೋಡಬೇಕು. ಆ ನೇರ ಹಿಂದಿನ ಕೋಲನ್ನು ತುದಿಯಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಮುಟ್ಟುತ್ತದೋ ನೆಲ ಅಷ್ಟು ಇಳಿದಿದೆ. ನೆಲ ಏರಿದ್ದರೆ ಹಿಂದಿನ ಕೋಲಿನ ತುದಿಯಿಂದ ನೋಡಿ ಮುಂದಿನದರ ಮೇಲೆ ಓದಿ. ಎರಡೆರಡು ಮೀಟರಿಗೆ ಬರೆದುಕೊಳ್ಳುತ್ತ ನೀರಿನವರೆಗೆ ಹೋಗಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತದ ಹೊತ್ತನ್ನೇ ಆರಿಸಿ, ಮೇ ಆರಂಭ, ಸೆಪ್ಟೆಂಬರ್, ಜನವರಿ, ಹೀಗೆ ವರ್ಷಕ್ಕೆ ಮೂರು ಸಲ. ಮೇಯನ್ನು ಮೇಯ ಜೊತೆಗೇ ಹೋಲಿಸಬೇಕು. ಮೂರು ಮೇ ಕಳೆದರೆ ದಂಡೆ ನಿಜಕ್ಕೂ ಹಿಂದೆ ಸರಿಯುತ್ತಿದೆಯೋ ಇಲ್ಲವೋ ಸ್ಪಷ್ಟವಾಗುತ್ತದೆ.

ಮೊಬೈಲಿನಲ್ಲಿ ಉಪಗ್ರಹದ ಹಳೇ ಚಿತ್ರ ನೋಡಿ ಅಳೆಯುವವರು ಒಂದು ತಪ್ಪು ಮಾಡುತ್ತಾರೆ. ಹದಿನೈದು ಅಡಿ ಹೋದರೆ ಒಂದು ಅಡಿ ಇಳಿಯುವ ದಂಡೆಯಲ್ಲಿ ನೀರು ಒಂದು ಮೀಟರ್ ಏರಿದರೆ ನೀರಿನಂಚು 15 ಮೀಟರ್ ಒಳಬರುತ್ತದೆ. ಒಂದು ಚಿತ್ರ ಉಬ್ಬರದಲ್ಲಿ, ಇನ್ನೊಂದು ಇಳಿತದಲ್ಲಿ ತೆಗೆದದ್ದಾದರೆ ಇಲ್ಲದ ಕೊರೆತ ಕಾಣುತ್ತದೆ. ನೀರಿನಂಚಿನ ಬದಲು ಗಿಡಬಳ್ಳಿಯ ಅಂಚನ್ನು ಅಳೆಯಿರಿ, ಅದೂ ಒಂದೇ ತಿಂಗಳಿನ ಚಿತ್ರಗಳಲ್ಲಿ.

ಇನ್ನೊಂದು ಉಪಾಯ, ನನಗೆ ತುಂಬ ಇಷ್ಟವಾದದ್ದು. ಜನವರಿಯಲ್ಲಿ ದಂಡೆಯ ಮೇಲ್ಭಾಗದಲ್ಲಿ ಎದೆಮಟ್ಟದ ಗುಂಡಿ ತೆಗೆದು ಗೋಡೆಯನ್ನು ಸಲಿಕೆಯಿಂದ ನಯವಾಗಿ ಕೆತ್ತಿ ನೋಡಿ (ಕುಸಿಯದಂತೆ ಓರೆ ಇರಲಿ, ಮಕ್ಕಳನ್ನು ಇಳಿಸಬೇಡಿ). ಬಿಳಿ ಹೊಯ್ಗೆಯ ನಡುವೆ ಬೆರಳಗಲದ ಒಂದು ಕರಿ ಪಟ್ಟೆ ಕಾಣಬಹುದು. ಅದು ಇಲ್ಮನೈಟಿನಂಥ ಭಾರದ ಖನಿಜ. ಬೆಣಚಿನ ಮರಳು ನೀರಿನ 2.65 ಪಟ್ಟು ತೂಗಿದರೆ ಇದು 4.7 ಪಟ್ಟು. ಮಳೆಗಾಲದ ತೆರೆ ಹಗುರಾದದ್ದನ್ನು ಎಳೆದುಕೊಂಡು ಹೋಗುವಾಗ ಇದು ಹಿಂದುಳಿಯುತ್ತದೆ. ಅಂದರೆ ಕಳೆದ ಮಳೆಗಾಲದಲ್ಲಿ ಕಡಲು ಎಲ್ಲಿಯವರೆಗೆ ಅಗೆದಿತ್ತೋ ಅಲ್ಲಿ ಈ ಪಟ್ಟೆ. ಅದರ ಮೇಲಿರುವುದೆಲ್ಲ ಆಮೇಲೆ ವಾಪಸು ಬಂದ ಮರಳು. ಪಟ್ಟೆಯ ಆಳವನ್ನು ಪ್ರತಿ ಜನವರಿ ಬರೆದಿಡಿ. ಮೇಲಿನ ಪದರ ವರ್ಷವರ್ಷ ತೆಳುವಾಗುತ್ತ ಬಂದರೆ ಮರಳಿ ಬರುವ ಪಾಲು ಕಡಿಮೆಯಾಗುತ್ತಿದೆ ಎಂದೇ ಅರ್ಥ.

ಬಡಗಣದ ಕಲ್ಲು ಹೂತುಹೋದದ್ದು ಯಾಕೆ? ಟಿಪ್ಪರಿನಲ್ಲಿ ತಂದು ಮರಳಿನ ಮೇಲೆ ನೇರ ಸುರಿದ ಕಲ್ಲಿನ ಸಂದುಗಳಲ್ಲಿ ತೆರೆಯ ನೀರು ಒಳಹೊಕ್ಕು ಹೊರಬರುವಾಗ ಹಿಂದಿನ, ಕೆಳಗಿನ ಹೊಯ್ಗೆಯನ್ನು ಹೀರಿ ತರುತ್ತದೆ. ಕಲ್ಲು ಅಷ್ಟಷ್ಟೇ ಇಳಿಯುತ್ತದೆ. ಇದನ್ನು ತಡೆಯಲು ಕೆಳಗೆ ನೀರು ಬಿಟ್ಟು ಮರಳು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲು, ಆಮೇಲೆ ಮೇಲುಕಲ್ಲಿನ ಹತ್ತನೇ ಒಂದು ತೂಕದ ಪದರ, ಕೊನೆಗೆ ಎರಡು ಸಾಲು ದೊಡ್ಡ ಕಲ್ಲು, ಹೀಗೆ ಕ್ರಮವಾಗಿ ಹಾಕಬೇಕು. ತುರ್ತು ಕಾಮಗಾರಿಯೆಂದು ಮಳೆ ನಡುವೆ ಹಾಕುವಾಗ ಬಿಟ್ಟುಹೋಗುವುದು ಈ ಕೆಳಗಿನ ಪದರಗಳೇ. ಮೇಲಿಂದ ನೋಡಿದರೆ ಎರಡೂ ಗೋಡೆಗಳು ಒಂದೇ ಥರ ಕಾಣುತ್ತವೆ.

ಎರಡನೆಯ ಕಾರಣ ಗೋಡೆಯ ಬುಡದಲ್ಲಿದೆ. ದಂಡೆಯಾದರೆ ತೆರೆಯನ್ನು ಇಳಿಜಾರಿನ ಮೇಲೆ ಓಡಿಸಿ ದಣಿಸುತ್ತದೆ, ಗೋಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಎದುರಿನ ಮರಳು ಕದಡಿ ಬುಡ ಆಳವಾಗುತ್ತದೆ. ಬುಡದಲ್ಲಿ ನೀರು 1.3 ಮೀಟರ್ ಇದ್ದರೆ ಒಂದು ಮೀಟರ್ ತೆರೆ ಬರಬಹುದು, 2.6 ಆದರೆ ಎರಡು ಮೀಟರ್ ತೆರೆ. ಅಲುಗದೆ ನಿಲ್ಲಬೇಕಾದ ಕಲ್ಲಿನ ತೂಕ ತೆರೆ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಎರಡಕ್ಕೆ ಒಂದರ ಇಳಿಜಾರಿನಲ್ಲಿ ಒರಟು ಕಗ್ಗಲ್ಲಿಗೆ ಸಾಮಾನ್ಯ ಸೂತ್ರ ಹಾಕಿದರೆ ಒಂದು ಮೀಟರ್ ತೆರೆಗೆ ಸುಮಾರು 170 ಕಿಲೋ, ಎರಡು ಮೀಟರಿಗೆ 1.3 ಟನ್, ಮೂರಕ್ಕೆ ನಾಲ್ಕೂವರೆ ಟನ್. ಕಟ್ಟಿದ ವರ್ಷ ಸಾಕಾಗಿದ್ದ ಕಲ್ಲು ಬುಡ ತಗ್ಗಿದ ಮೇಲೆ ಸಾಲದು. ಪ್ರತಿ ವರ್ಷ ಮೇಲೆ ಮತ್ತಷ್ಟು ಸುರಿಯುವುದು ಇದಕ್ಕೇ, ಗುತ್ತಿಗೆದಾರರ ಮೇಲೆ ಅನುಮಾನ ಪಡುವ ಮೊದಲು ಈ ಲೆಕ್ಕವನ್ನೂ ನೋಡಿ.

ಗೋಡೆ ಮುಗಿಯುವಲ್ಲಿ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಜಾಗವೇ ಸಾಕ್ಷಿ. ಗೋಡೆಯ ಹಿಂದಿನ ಮರಳು ಬಂದಿಯಾಯಿತು, ಜುಲೈಯಲ್ಲಿ ತೆಂಕಣಕ್ಕೆ ಹರಿಯುವ ಪಾಲಿನಲ್ಲಿ ಅಷ್ಟು ಖೋತಾ. ಮೇಲಾಗಿ ಗೋಡೆಯ ತುದಿಯನ್ನು ಸುತ್ತಿ ಬರುವ ತೆರೆ ಪಕ್ಕದ ಬರಿ ದಂಡೆಯನ್ನು ಅರ್ಧಚಂದ್ರದಂತೆ ಕಡಿಯುತ್ತದೆ. ನಿಮ್ಮ ಕೊರಕಲು ಆ ಆಕಾರದಲ್ಲಿದ್ದು, ಗೋಡೆಯಿಂದ ದೂರ ಹೋದಂತೆ ಕಡಿಮೆಯಾಗುತ್ತಿದ್ದರೆ ಈಚಿನ ಹೆಚ್ಚುವರಿ ಕೊರೆತಕ್ಕೆ ಕಾರಣ ಅದೇ. ನೀವು ಕಟ್ಟಿಸಿದರೆ ಅದು ತೆಂಕಣದ ಮನೆಯವರ ಪಾಲಿಗೆ ಹೋಗುತ್ತದೆ. ಜೊತೆಗೆ ಕೈರಂಪಣಿ ಬಲೆ ಎಳೆಯಲು, ದೋಣಿ ಏರಿಸಲು ದಂಡೆ ಉಳಿಯುವುದಿಲ್ಲ.

ಸಮುದ್ರ ಏರುತ್ತಿರುವುದು ನಿಜ. ಹಿಂದೂ ಮಹಾಸಾಗರದ ಬಡಗಣ ಭಾಗದಲ್ಲಿ 1993ರಿಂದೀಚೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್. ಹತ್ತು ವರ್ಷಕ್ಕೆ ಮೂರು ಸೆಂಟಿಮೀಟರ್ ಚಿಲ್ಲರೆ. ಅಷ್ಟಕ್ಕೆ ದಂಡೆ ಒಂದೂವರೆಯಿಂದ ಮೂರು ಮೀಟರ್ ಹಿಂದೆ ಸರಿಯಬಹುದು. ಎರಡು ಸಾಲು ತೆಂಗು ಎಂದರೆ ಹದಿನೈದು ಮೀಟರ್ ಹತ್ತಿರ. ಉಳಿದದ್ದಕ್ಕೆ ಕಾರಣ ಹೊಯ್ಗೆಯ ಲೆಕ್ಕದಲ್ಲೇ ಸಿಗಬೇಕು.

ಹಾಗಾಗಿ ನನ್ನ ಅಭಿಪ್ರಾಯ: ಮನೆಯ ಅಡಿಪಾಯದಿಂದ ಕೊರಕಲಿನ ಅಂಚಿಗೆ ಸೆಪ್ಟೆಂಬರಿನಲ್ಲಿ 20 ಮೀಟರಿಗೂ ಹೆಚ್ಚು ಉಳಿದಿದ್ದರೆ ಗೋಡೆ ಕೇಳಬೇಡಿ. ಜನವರಿಯಲ್ಲಿ ಮರಳು ಬಂದ ಕೂಡಲೇ ದಂಡೆಯ ಮೇಲಂಚಿಗೆ ತೆಂಗಿನ ಗರಿಯ ತಡಿಕೆಯನ್ನು ಮೊಣಕಾಲೆತ್ತರಕ್ಕೆ, ಸಂದು ಬಿಟ್ಟು ನೆಡಿ. ಬೇಸಿಗೆ ಗಾಳಿಯ ಹೊಯ್ಗೆ ಅಲ್ಲಿ ನಿಲ್ಲುತ್ತದೆ. ನೇರಳೆ ಹೂ ಬಿಟ್ಟು ಮರಳ ಮೇಲೆ ಹರಿಯುವ ಅಡುಂಬು ಬಳ್ಳಿಯ ತುಂಡುಗಳನ್ನು ಮೊದಲ ಮಳೆಗೆ ಊರಿ. ಗಾಳಿಮರವಾಗಲಿ ತೆಂಗಾಗಲಿ ಕಡಿದಾದ ಕೊರಕಲನ್ನು ಹಿಡಿದು ನಿಲ್ಲಿಸಲಾರವು, ಬುಡದ ಕೆಳಗಿನ ಹೊಯ್ಗೆ ಹೋದಾಗ ಬೇರುಸಮೇತ ಬೀಳುತ್ತವೆ. ದಂಡೆಯ ಮೇಲಿನ ಮರಳ ದಿಬ್ಬವನ್ನು ಕಡಿದು ದಾರಿ ಮಾಡಿದ್ದರೆ ಮುಚ್ಚಿ, ಓರೆಯಾಗಿ ಬೇರೆ ದಾರಿ ಮಾಡಿ. ಮೇಯಲ್ಲಿ ಭಾರಿ ತೆರೆಯ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಇಂಕಾಯ್ಸ್ ಪ್ರಕಟಿಸುತ್ತದೆ, ಅದನ್ನು ನೋಡುತ್ತಿರಿ.

ಹತ್ತು ಮೀಟರೂ ಉಳಿದಿಲ್ಲವೆಂದರೆ ಕಲ್ಲು ಬೇಕಾಗುತ್ತದೆ, ಮನೆಯನ್ನು ಕಡಲಿಗೆ ಬಿಡಿ ಎಂದು ಹೇಳಲಾಗದು. ಆಗಲೂ ಬಂದರು ಇಲಾಖೆಗೆ ಕೊಡುವ ಮನವಿಯಲ್ಲಿ ಬರೇ ತಡೆಗೋಡೆ ಬೇಕು ಎಂದು ಬರೆಯಬೇಡಿ. ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಆಗಬೇಕು, ಕೆಳಗೆ ಜಿಯೋಟೆಕ್ಸ್‌ಟೈಲ್ ಹಾಸಿರಬೇಕು, ಬುಡವನ್ನು ಮಳೆಗಾಲದ ಅತಿ ತಗ್ಗಿನ ಮಟ್ಟಕ್ಕಿಂತ ಕೆಳಗೆ ಇಳಿಸಬೇಕು (ಕರಿ ಪಟ್ಟೆಯ ಆಳ ಇಲ್ಲಿ ಉಪಯೋಗಕ್ಕೆ ಬರುತ್ತದೆ), ತೆಂಕಣ ತುದಿಯನ್ನು ಥಟ್ಟನೆ ನಿಲ್ಲಿಸದೆ ಒಳಕ್ಕೆ ತಿರುಗಿಸಬೇಕು ಎಂದು ಒಂದೊಂದಾಗಿ ಬರೆಯಿರಿ. ಅಳಿವೆಯಲ್ಲಿ ಹೂಳೆತ್ತುವುದಿದ್ದರೆ ಆ ಶುದ್ಧ ಹೊಯ್ಗೆಯನ್ನು ಲಾರಿಗೆ ತುಂಬದೆ ಅಳಿವೆಯ ತೆಂಕಣ ದಂಡೆಗೇ ಸುರಿಯಬೇಕೆಂಬ ಬೇಡಿಕೆಯನ್ನು ಮೊದಲ ಸಾಲಿನಲ್ಲಿಡಿ, ನಿಮ್ಮ ಮೂರು ವರ್ಷದ ಅಳತೆಯ ಪ್ರತಿಯನ್ನು ಜೊತೆಗೆ ಲಗತ್ತಿಸಿ. ತೆಂಕಣ ಮಗ್ಗುಲಿನವರ ಸಹಿಯೂ ಅದರಲ್ಲಿರಲಿ, ಮುಂದಿನ ಗುಂಡಿ ಬೀಳುವುದು ಅವರ ಅಂಗಳದಲ್ಲಿ.